ಕತ್ತರಿಯ ಹಿಂದಿನ ಕೈ

ಅವರು: ಅಲ್ಝೈಮರ್ಸ್ ಕಾಯಿಲೆಗೆ ಮೂರು ದಶಕಗಳಿಂದ ಒಂದೇ ವಿವರಣೆ ಕೇಳುತ್ತಾ ಬಂದಿದ್ದೇವೆ. ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಚೂರು ಶೇಖರವಾಗುತ್ತದೆ, ನರಕೋಶಗಳು ಸಾಯುತ್ತವೆ, ನೆನಪು ಕಳಚಿಕೊಳ್ಳುತ್ತದೆ. 1992ರಲ್ಲಿ ಜಾನ್ ಹಾರ್ಡಿ ಮತ್ತು ಜೆರಾಲ್ಡ್ ಹಿಗಿನ್ಸ್ ಮಂಡಿಸಿದ ಈ ವಾದವನ್ನು ನಂಬಿ ಎಷ್ಟೋ ಔಷಧಗಳ ಪ್ರಯೋಗ ನಡೆದು, ಬಹುಪಾಲು ಕೈಕೊಟ್ಟವು. ಈಗ ಉರಿಯೂತದ ಮಾತು ಶುರುವಾಗಿದೆ. ಸಂಧಿವಾತಕ್ಕೂ ಉರಿಯೂತ, ಹೃದಯಾಘಾತಕ್ಕೂ ಉರಿಯೂತ, ಖಿನ್ನತೆಗೂ ಉರಿಯೂತ. ಎಲ್ಲ ಬೀಗಕ್ಕೂ ಹೊಂದುತ್ತದೆ ಎನ್ನುವ ಕೀಲಿಕೈಯಿಂದ ಯಾವ ಬೀಗವೂ ತೆರೆಯುವುದಿಲ್ಲವೇನೋ ಎಂದು ನನಗೆ ಅನುಮಾನ. ಬೆರಳಿಗೆ ಮುಳ್ಳು ಚುಚ್ಚಿದರೆ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದಲ್ಲ, ನಮಗೆ ಗೊತ್ತಿರುವ ಉರಿಯೂತ ಅದು. ಮಿದುಳು ಊದಿಕೊಳ್ಳಲು ಬುರುಡೆಯಲ್ಲಿ ಜಾಗವಿಲ್ಲ, ನೋಯಲು ಮಿದುಳಿಗೆ ನೋವಿನ ನರಗಳೂ ಇಲ್ಲ. ಹಾಗಿದ್ದಮೇಲೆ ಈ ಪದದಿಂದ ಹೊಸದಾಗಿ ಗೊತ್ತಾಗುವುದೇನು?

ಇವರು: ಪದವನ್ನು ಮಂತ್ರದಂತೆ ಜಪಿಸಿದರೆ ಏನೂ ಗೊತ್ತಾಗುವುದಿಲ್ಲ, ಆ ಮಟ್ಟಿಗೆ ನಿಮ್ಮ ಅನುಮಾನ ಸರಿ. ಅದಕ್ಕೇ ಉರಿಯೂತವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಿಣ್ವಗಳಿಂದ ಶುರುಮಾಡೋಣ. ಅಮೈಲಾಯ್ಡ್ ಹೊರಗಿನಿಂದ ಬರುವ ಕಸವಲ್ಲ. ನಿಮ್ಮ ಮಿದುಳಿನಲ್ಲೂ ನನ್ನ ಮಿದುಳಿನಲ್ಲೂ ಈ ಕ್ಷಣದಲ್ಲಿ ತಯಾರಾಗುತ್ತಲೇ ಇದೆ. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ಬಟ್ಟೆಗೆ ಚುಚ್ಚಿಟ್ಟ ಸೂಜಿಯಂತೆ ನೆಟ್ಟುಕೊಂಡಿರುತ್ತದೆ: ಹೆಚ್ಚಿನ ಭಾಗ ಹೊರಗೆ, ಚಿಕ್ಕ ಬಾಲ ಒಳಗೆ. ಆಲ್ಫಾ-ಸೆಕ್ರಿಟೇಸ್ ಎಂಬ ಕಿಣ್ವ ಇದನ್ನು ಕತ್ತರಿಸಿದರೆ ತೊಂದರೆಯೇ ಇಲ್ಲ, ಏಕೆಂದರೆ ಅದು ಅಮೈಲಾಯ್ಡ್ ಆಗಬೇಕಾದ ಭಾಗದ ನಟ್ಟನಡುವೆಯೇ ಕತ್ತರಿ ಹಾಕುತ್ತದೆ. ಅದರ ಬದಲು ಬೀಟಾ-ಸೆಕ್ರಿಟೇಸ್ ಮೊದಲು ಬಂದು ತುಸು ಹೊರಗಡೆ ಕತ್ತರಿಸಿದರೆ, ಉಳಿದ ಮೋಟು ಗಾಮಾ-ಸೆಕ್ರಿಟೇಸ್ ಕೈಗೆ ಹೋಗುತ್ತದೆ. ಬೇಸ್1 ಎಂದು ಕರೆಯುವ ಈ ಬೀಟಾ-ಸೆಕ್ರಿಟೇಸ್ ಪತ್ತೆಯಾದದ್ದು 1999ರಲ್ಲಿ. ಗಾಮಾ-ಸೆಕ್ರಿಟೇಸ್ ಒಂದೇ ಪ್ರೋಟೀನ್ ಅಲ್ಲ, ಪ್ರಿಸೆನಿಲಿನ್, ನಿಕಾಸ್ಟ್ರಿನ್, ಎಪಿಎಚ್-1, ಪೆನ್-2 ಎಂಬ ನಾಲ್ಕು ಸೇರಿ ಆದ ಯಂತ್ರ.

ಈ ಎರಡನೆಯ ಕತ್ತರಿಯ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ಅದು ಪೊರೆಯ ಕೊಬ್ಬಿನೊಳಗೇ ಕುಳಿತು ಕತ್ತರಿಸುತ್ತದೆ, ಅದೂ ಒಂದೇ ಏಟಿಗಲ್ಲ. ಒಮ್ಮೆ ಕಚ್ಚಿದಮೇಲೆ, ಸರದ ಮಣಿಗಳಂತೆ ಪೋಣಿಸಿಕೊಂಡಿರುವ ಅಮೈನೊ ಆಮ್ಲಗಳನ್ನು ಹೆಚ್ಚುಕಡಿಮೆ ಮೂರು ಮೂರಾಗಿ ಕತ್ತರಿಸುತ್ತಾ ಹೋಗುತ್ತದೆ. ಮೊದಲ ಏಟು 49ನೆಯ ಮಣಿಯಲ್ಲಿ ಬಿದ್ದರೆ 46, 43 ದಾಟಿ 40ಕ್ಕೆ ನಿಲ್ಲುತ್ತದೆ. 48ರಲ್ಲಿ ಬಿದ್ದರೆ 45 ದಾಟಿ 42ಕ್ಕೆ ಬರುತ್ತದೆ. 40 ಮಣಿಗಳ ಚೂರು ಬಹುಮಟ್ಟಿಗೆ ಕರಗಿ ಕೊಚ್ಚಿಹೋಗುತ್ತದೆ. 42 ಮಣಿಗಳದ್ದು ಅಂಟಂಟು, ಒಂದಕ್ಕೊಂದು ಹತ್ತಿಕೊಂಡು ಪ್ಲೇಕ್ ಕಟ್ಟುತ್ತದೆ. ವ್ಯತ್ಯಾಸ ಎರಡೇ ಮಣಿಗಳದ್ದು. ಇನ್ನು ತಯಾರಾದದ್ದನ್ನು ಚೂರುಚೂರು ಮಾಡಿ ಹೊರಹಾಕಲು ನೆಪ್ರಿಲೈಸಿನ್, ಇನ್ಸುಲಿನ್ ಒಡೆಯುವ ಕಿಣ್ವ ಮುಂತಾದ ಬೇರೊಂದು ತಂಡವೇ ಇದೆ. ಕೆರೆಗೆ ನೀರು ತರುವ ಕಾಲುವೆ, ನೀರು ಬಿಡುವ ತೂಬು ಎರಡೂ ನೆಟ್ಟಗಿದ್ದರೆ ಏರಿ ಒಡೆಯುವುದಿಲ್ಲ ತಾನೆ? ಇದೂ ಹಾಗೆಯೇ.

ಅವರು: ಹಾಗಾದರೆ ಕಾಲುವೆಗೆ ಅಡ್ಡ ಹಾಕಿದರಾಯಿತು. ಕತ್ತರಿ ಯಾವುದು ಎಂದು ಗೊತ್ತಿದ್ದಮೇಲೆ ಅದನ್ನು ತಡೆಯುವ ಮಾತ್ರೆ ಮಾಡುವುದು ಕಷ್ಟದ ಕೆಲಸವಲ್ಲ. ಔಷಧ ಕಂಪನಿಗಳು ಮಾಡಿಯೂ ನೋಡಿದವಲ್ಲ?

ಇವರು: ಮಾಡಿದವು, ರೋಗಿಗಳೇ ಅದರ ಬೆಲೆ ತೆತ್ತರು. ಗಾಮಾ-ಸೆಕ್ರಿಟೇಸ್ ತಡೆಯುವ ಸೆಮಾಗಾಸೆಸ್ಟಾಟ್ ಎಂಬ ಔಷಧದ ಪ್ರಯೋಗವನ್ನು 2010ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧ ತೆಗೆದುಕೊಂಡವರ ಬುದ್ಧಿಶಕ್ತಿ, ತೆಗೆದುಕೊಳ್ಳದವರಿಗಿಂತ ಹೆಚ್ಚು ಕುಸಿದಿತ್ತು. ಚರ್ಮದ ಕ್ಯಾನ್ಸರ್ ಕೂಡ ಹೆಚ್ಚು ಕಂಡಿತು. ಬೇಸ್1 ತಡೆಯುವ ವೆರುಬೆಸೆಸ್ಟಾಟ್ 2017ರಲ್ಲಿ ಒಂದು ಪ್ರಯೋಗದಲ್ಲಿ, 2018ರಲ್ಲಿ ಇನ್ನೊಂದರಲ್ಲಿ ಸೋತಿತು. ಅಮೈಲಾಯ್ಡ್ ಇಳಿದದ್ದು ನಿಜ, ನೆನಪು ಮಾತ್ರ ಸುಧಾರಿಸಲಿಲ್ಲ. ಕಾರಣ ತಿಳಿಯದ್ದೇನಲ್ಲ. ಗಾಮಾ-ಸೆಕ್ರಿಟೇಸ್ ಎಪಿಪಿ ಒಂದನ್ನೇ ಕತ್ತರಿಸುವುದಿಲ್ಲ. ಕೋಶಗಳು ಏನಾಗಿ ಬೆಳೆಯಬೇಕೆಂದು ನಿರ್ಧರಿಸುವ ನಾಚ್ ಎಂಬ ಪ್ರೋಟೀನ್ ಸೇರಿ ನೂರಕ್ಕೂ ಹೆಚ್ಚು ಪ್ರೋಟೀನುಗಳಿಗೆ ಅದರ ಕತ್ತರಿ ಬೇಕು. ಬೇಸ್1 ಇಲ್ಲದ ಇಲಿಗಳಲ್ಲಿ ನರತಂತುಗಳ ಸುತ್ತಲಿನ ಹೊದಿಕೆ ತೆಳ್ಳಗಾಗುತ್ತದೆ. ಕತ್ತರಿಯನ್ನೇ ಕಸಿದುಕೊಂಡರೆ ಕೆಟ್ಟ ಹೊಲಿಗೆಯೊಂದೇ ನಿಲ್ಲುವುದಿಲ್ಲ, ದರ್ಜಿಯ ಅಂಗಡಿಯೇ ಬಾಗಿಲು ಹಾಕುತ್ತದೆ.

ಈ ಸೋಲುಗಳ ನಂತರ ಕೇಳಬೇಕಾದ ಪ್ರಶ್ನೆಯೇ ಬೇರೆ. ಕೆಲವು ಮನೆತನಗಳಲ್ಲಿ ಈ ಕಾಯಿಲೆ ನಲವತ್ತು-ಐವತ್ತನೆಯ ವಯಸ್ಸಿಗೇ ಬರುತ್ತದೆ. ಅಂಥವರಲ್ಲಿ ಎಪಿಪಿ ಅಥವಾ ಪ್ರಿಸೆನಿಲಿನ್ ವಂಶವಾಹಿಯಲ್ಲೇ ದೋಷವಿರುತ್ತದೆ, ಅಂದರೆ ಬಟ್ಟೆ ಅಥವಾ ಕತ್ತರಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಆದರೆ ಇಂಥವರು ಒಟ್ಟು ರೋಗಿಗಳಲ್ಲಿ ಶೇಕಡ 1ಕ್ಕಿಂತ ಕಡಿಮೆ. ಉಳಿದ ಶೇಕಡ 99ಕ್ಕೂ ಹೆಚ್ಚು ಮಂದಿಯಲ್ಲಿ ಇರುವುದು ಎಲ್ಲರಲ್ಲೂ ಇರುವಂಥ ಕತ್ತರಿ, ಎಲ್ಲರಲ್ಲೂ ಇರುವಂಥ ಬಟ್ಟೆ. ಅದೇ ಕತ್ತರಿ ಅರವತ್ತು-ಎಪ್ಪತ್ತು ವರ್ಷ ಸರಿಯಾಗಿ ನಡೆದು ಆಮೇಲೆ ದಾರಿ ತಪ್ಪಿತು ಎಂದರೆ ಬದಲಾದದ್ದು ಕತ್ತರಿಯಲ್ಲ, ಅದನ್ನು ಆಡಿಸುವ ಕೈ. ನನ್ನ ವಾದ ಇಷ್ಟೇ: ಆ ಕೈಗಳಲ್ಲಿ ಒಂದು ಉರಿಯೂತ. ಅದು ಕಾಲುವೆಯನ್ನು ಅಗಲಿಸುತ್ತದೆ, ಅದೇ ಹೊತ್ತಿಗೆ ತೂಬನ್ನೂ ಕಟ್ಟುತ್ತದೆ.

ಅವರು: ಅರವತ್ತು-ಎಪ್ಪತ್ತು ವರ್ಷದಲ್ಲಿ ಬದಲಾಗುವುದು ಉರಿಯೂತವೊಂದೇ ಅಲ್ಲವಲ್ಲ! ರಕ್ತನಾಳ ಗಡುಸಾಗುತ್ತದೆ, ನಿದ್ದೆ ಕೆಡುತ್ತದೆ, ಕೋಶಗಳು ಸವೆಯುತ್ತವೆ. ವಯಸ್ಸು ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಲ್ಲ?

ಇವರು: ವಯಸ್ಸು ಎಂದರೆ ಎಷ್ಟು ವರ್ಷವಾಯಿತು ಎಂದು ತಿಳಿಯುತ್ತದೆ, ಏನಾಯಿತು ಎಂದು ತಿಳಿಯುವುದಿಲ್ಲ. ಉರಿಯೂತವನ್ನು ನಾನು ಹಿಡಿದುಕೊಂಡದ್ದು ಅದರಿಂದ ಕಿಣ್ವದವರೆಗಿನ ತಂತಿಯನ್ನು ಕೈಯಿಂದ ಮುಟ್ಟಿ ನೋಡಬಹುದು ಎಂಬ ಕಾರಣಕ್ಕೆ. ಮಿದುಳಿಗೆ ತನ್ನದೇ ಕಾವಲುಗಾರರಿದ್ದಾರೆ, ಮೈಕ್ರೊಗ್ಲಿಯಾ ಎಂಬ ಕೋಶಗಳು. ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೆಗ 1919ರಲ್ಲಿ ಇವುಗಳನ್ನು ಮೊದಲು ಬೇರೆಯಾಗಿ ಗುರುತಿಸಿದ. ಸುಮ್ಮನಿದ್ದಾಗ ಇವು ಸಣ್ಣ ಬೇರುಗಳಂಥ ಕೈಗಳನ್ನು ಚಾಚಿ ಸುತ್ತಲೂ ತಡಕುತ್ತಿರುತ್ತವೆ. ಸೋಂಕೋ, ಪೆಟ್ಟೋ, ಸತ್ತ ಕೋಶದ ಚೂರೋ ಕೈಗೆ ಸಿಕ್ಕಿದರೆ ಕೈಗಳನ್ನು ಮುದುಡಿಕೊಂಡು ದಪ್ಪಗಾಗಿ, ಸೈಟೊಕೈನ್ ಎಂಬ ಸಂದೇಶದ ಅಣುಗಳನ್ನು ಸುರಿಸುತ್ತವೆ. ಮಿದುಳಿನ ಉರಿಯೂತ ಎಂದರೆ ಮುಖ್ಯವಾಗಿ ಇದು. ಊತ, ಕೆಂಪು ಇರಬೇಕೆಂದೇನಿಲ್ಲ. ಸಂದೇಶ ನಿಲ್ಲದೆ ಹರಿಯುತ್ತಿದ್ದರೆ ಸಾಕು.

ಆ ಸಂದೇಶ ಕತ್ತರಿಯನ್ನು ಮುಟ್ಟುವ ಜಾಗ 2020ರಲ್ಲಿ ಕಣ್ಣಿಗೆ ಬಿತ್ತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಯುಎಮಿಂಗ್ ಲಿ ಅವರ ತಂಡ, ಗಾಮಾ-ಸೆಕ್ರಿಟೇಸಿನ ಕತ್ತರಿಸುವ ಬಾಯಿಗೇ ಅಂಟುವಂಥ ರಾಸಾಯನಿಕ ಗಾಳ ಹಾಕಿ ಎಳೆದಾಗ ನಾಲ್ವರು ಸದಸ್ಯರ ಜೊತೆ ಐದನೆಯವರೊಬ್ಬರು ಸಿಕ್ಕಿಬಿದ್ದರು. ಅದರ ಹೆಸರು ಐಎಫ್‌ಐಟಿಎಂ3. ಈ ಪ್ರೋಟೀನ್ ಸೋಂಕುತಜ್ಞರಿಗೆ ಹಳೆಯ ಪರಿಚಯ: ಇನ್‌ಫ್ಲುಯೆಂಜಾದಂಥ ವೈರಸ್ಸುಗಳು ಕೋಶದೊಳಗೆ ನುಗ್ಗದಂತೆ ಪೊರೆಯಲ್ಲೇ ತಡೆಯುವುದು ಅದರ ಕಸುಬು. ಇಂಟರ್‌ಫೆರಾನ್ ಮೊದಲಾದ ಸೈಟೊಕೈನುಗಳು ತಾಕಿದೊಡನೆ ನರಕೋಶಗಳೂ ಅವುಗಳಿಗೆ ಆಸರೆಯಾಗಿರುವ ಅಸ್ಟ್ರೊಸೈಟುಗಳೂ ಇದನ್ನು ಹೆಚ್ಚು ತಯಾರಿಸುತ್ತವೆ. ಅದು ಗಾಮಾ-ಸೆಕ್ರಿಟೇಸಿಗೆ ಅಂಟಿಕೊಂಡು ಕತ್ತರಿಯ ವೇಗ ಹೆಚ್ಚಿಸುತ್ತದೆ. ಕಾಯಿಲೆ ಬರುವಂತೆ ಬೆಳೆಸಿದ ಇಲಿಗಳಲ್ಲಿ ಈ ಪ್ರೋಟೀನನ್ನು ತೆಗೆದುಹಾಕಿದಾಗ ಪ್ಲೇಕ್ ಕಡಿಮೆಯಾಯಿತು. ವಯಸ್ಸಾದಂತೆ ಇದರ ಪ್ರಮಾಣ ಏರುತ್ತದೆ, ಇಳಿವಯಸ್ಸಿನ ರೋಗಿಗಳಲ್ಲಿ ಒಂದು ಗುಂಪಿನ ಮಿದುಳಿನಲ್ಲಂತೂ ಎದ್ದುಕಾಣುವಷ್ಟಿತ್ತು. ಮೊದಲ ಕತ್ತರಿಗೂ ಇಂಥದೇ ತಂತಿ ಇದೆ: ಬೇಸ್1 ವಂಶವಾಹಿಯನ್ನು ಚಾಲೂ ಮಾಡುವ ಭಾಗದಲ್ಲಿ ಎನ್‌ಎಫ್-ಕಪ್ಪಾಬಿ ಎಂಬ ಉರಿಯೂತದ ಗುಂಡಿಗೆ ತಕ್ಕ ಜಾಗವಿದೆ. ಅಲ್ಝೈಮರ್ಸ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಬೇಸ್1 ಹೆಚ್ಚಿರುವುದನ್ನು 2002ರ ಹೊತ್ತಿಗೇ ಅಳೆದಿದ್ದರು. ಟೌ ಎಂಬ ಇನ್ನೊಂದು ಪ್ರೋಟೀನಿಗೆ ರಂಜಕ ಅಂಟಿಸಿ ಅದನ್ನು ನರಕೋಶದೊಳಗೆ ಗಂಟು ಕಟ್ಟುವಂತೆ ಮಾಡುವ ಕೈನೇಸ್ ಕಿಣ್ವಗಳಿಗೂ ಇದೇ ಸಂದೇಶ ತಲುಪುತ್ತದೆ. ಮೈಕ್ರೊಗ್ಲಿಯಾದ ಎನ್‌ಎಲ್‌ಆರ್‌ಪಿ3 ಎಂಬ ಎಚ್ಚರಿಕೆಯ ಗಂಟೆಯನ್ನು ಇಲಿಗಳಲ್ಲಿ ಕಳಚಿಟ್ಟರೆ ಟೌ ಕೆಡುವುದೂ ಇಳಿಯುತ್ತದೆ ಎಂದು ಜರ್ಮನಿಯ ಬಾನ್ ನಗರದ ತಂಡ 2019ರಲ್ಲಿ ತೋರಿಸಿತು.

ಅವರು: ವೈರಸ್ ತಡೆಯುವ ಪ್ರೋಟೀನ್ ಅಮೈಲಾಯ್ಡ್ ಕತ್ತರಿಯನ್ನು ಏಕೆ ಆಡಿಸಬೇಕು? ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತೀರೋ?

ಇವರು: ಗಾದೆ ನಾಲಗೆಯ ತುದಿಗೆ ಬರುವಂಥದ್ದೇ, ಆದರೆ ಇಲ್ಲಿ ಬೇಲಿಗೆ ಅನ್ಯಾಯ ಮಾಡುತ್ತದೆ. ಅಮೈಲಾಯ್ಡ್ ಬರೀ ಕಸವೇ ಎಂಬ ಪ್ರಶ್ನೆಯನ್ನು ಹಾರ್ವರ್ಡ್‌ನ ರಾಬರ್ಟ್ ಮೊಯಿರ್ ಮತ್ತು ರುಡಾಲ್ಫ್ ಟಾಂಜಿ ಎತ್ತಿದರು. ಅಮೈಲಾಯ್ಡ್ ಚೂರು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುತ್ತದೆ ಎಂದು 2010ರಲ್ಲಿ ಅವರ ತಂಡ ಪ್ರಯೋಗನಾಳದಲ್ಲಿ ತೋರಿಸಿತು. 2016ರಲ್ಲಿ ಇಲಿಯ ಮಿದುಳಿಗೆ ಬ್ಯಾಕ್ಟೀರಿಯಾ ಬಿಟ್ಟು ನೋಡಿದಾಗ, ಅಮೈಲಾಯ್ಡ್ ಅವುಗಳ ಸುತ್ತ ಬಲೆಯಂತೆ ಹೆಣೆದುಕೊಂಡು ಕಟ್ಟಿಹಾಕಿತ್ತು. ಅಮೈಲಾಯ್ಡ್ ಹೆಚ್ಚಿದ್ದ ಇಲಿಗಳು ಹೆಚ್ಚು ದಿನ ಬದುಕಿದವು. ಇದು ಮನುಷ್ಯರಿಗೂ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ಚರ್ಚೆ ಮುಗಿದಿಲ್ಲ. ಆದರೆ ಒಪ್ಪಿದರೆ ಬಿಡಿಬಿಡಿಯಾಗಿದ್ದ ಸಂಗತಿಗಳು ಕೂಡಿಕೊಳ್ಳುತ್ತವೆ. ವೈರಿ ಬಂದ ಸುದ್ದಿ ಸಿಕ್ಕಿತು, ಕೋಶ ತನ್ನ ಪೊರೆಯನ್ನು ಬಿಗಿಮಾಡಿಕೊಂಡಿತು, ಜೊತೆಗೆ ಬಲೆ ನೇಯುವ ಕತ್ತರಿಯನ್ನೂ ಚುರುಕುಮಾಡಿತು. ಮೂರು ದಿನದ ಜ್ವರಕ್ಕೆ ಇದು ಒಳ್ಳೆಯ ಏರ್ಪಾಡು. ಇಪ್ಪತ್ತು ವರ್ಷ ಸುದ್ದಿ ನಿಲ್ಲದಿದ್ದರೆ ಬಲೆಯೇ ಹೊಲವನ್ನು ಮುಚ್ಚಿಬಿಡುತ್ತದೆ. ಬೇಲಿ ಕಳ್ಳನಾದದ್ದಲ್ಲ, ಕಾವಲು ಮುಗಿಯಿತು ಎಂದು ಅದಕ್ಕೆ ಯಾರೂ ಹೇಳಲಿಲ್ಲ.

ಅವರು: ಚೆನ್ನಾಗಿ ಹೊಂದಿಸಿದಿರಿ. ಚೆನ್ನಾಗಿ ಹೊಂದುವುದೇ ನನಗೆ ಗಾಬರಿ. ನನ್ನ ಮೂರು ಆಕ್ಷೇಪಣೆಗಳಿಗೆ ಉತ್ತರ ಬೇಕು. ಮೊದಲನೆಯದು, ಪ್ಲೇಕ್ ಇದ್ದ ಕಡೆ ಮೈಕ್ರೊಗ್ಲಿಯಾ ಮುತ್ತಿಕೊಳ್ಳುವುದು ಸಹಜ. ಬೆಂಕಿ ಬಿದ್ದ ಕಡೆಯೆಲ್ಲ ಅಗ್ನಿಶಾಮಕ ದಳ ಕಾಣುತ್ತದೆಂದು ಬೆಂಕಿಗೆ ಅವರೇ ಕಾರಣ ಎನ್ನಲಾದೀತೆ? ಎರಡನೆಯದು, ನೀವು ತೋರಿಸಿದ ಪುರಾವೆಯಲ್ಲಿ ಮುಕ್ಕಾಲು ಪಾಲು ಇಲಿಯದ್ದು. ಇಲಿಗೆ ತಾನಾಗಿ ಅಲ್ಝೈಮರ್ಸ್ ಬರುವುದೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಸೇಂಟ್ ಲೂಯಿಸ್‌ನಲ್ಲಿ ರ‍್ಯಾಂಡಲ್ ಬೇಟ್‌ಮನ್ ತಂಡ ಮನುಷ್ಯರಲ್ಲೇ ಅಳೆದು 2010ರಲ್ಲಿ ವರದಿ ಮಾಡಿದೆ. ಗುರುತು ಹಾಕಿದ ಅಮೈನೊ ಆಮ್ಲವನ್ನು ರಕ್ತನಾಳಕ್ಕೆ ಹರಿಸಿ, 36 ಗಂಟೆ ಕಾಲ ಗಂಟೆಗೊಮ್ಮೆ ಬೆನ್ನುಹುರಿಯ ದ್ರವ ತೆಗೆದು, ಅಮೈಲಾಯ್ಡ್ ಎಷ್ಟು ಹುಟ್ಟಿತು, ಎಷ್ಟು ಹೋಯಿತು ಎಂದು ಲೆಕ್ಕ ಹಾಕಿದರು. ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಉತ್ಪಾದನೆ ಒಂದೇ! ಕತ್ತರಿ ಚುರುಕಾಗುತ್ತದೆ ಎಂಬ ನಿಮ್ಮ ಮಾತಿಗೆ ಇಲ್ಲಿ ಆಧಾರವೆಲ್ಲಿ?

ಇವರು: ಮೂರನೆಯದರಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದನ್ನು ತಪ್ಪಿಸಿಕೊಂಡು ಹೋಗುವ ವಾದಕ್ಕೆ ಬೆಲೆಯಿಲ್ಲ. ಆ ಪ್ರಯೋಗದಲ್ಲಿ ಉತ್ಪಾದನೆ ಒಂದೇ ಇತ್ತು, ವಿಲೇವಾರಿ ಒಂದೇ ಇರಲಿಲ್ಲ. 42 ಮಣಿಗಳ ಚೂರು ಆರೋಗ್ಯವಂತರಲ್ಲಿ ಗಂಟೆಗೆ ಶೇಕಡ 7.6ರಂತೆ ಖಾಲಿಯಾದರೆ, ರೋಗಿಗಳಲ್ಲಿ ಶೇಕಡ 5.3ರಂತೆ ಮಾತ್ರ. ಕಾಲುವೆ ಮಾಮೂಲಾಗಿತ್ತು, ತೂಬು ಕಟ್ಟಿಕೊಂಡಿತ್ತು. ಬೋಸ್ಟನ್ನಿನ ಸಂಶೋಧಕರು 2008ರಲ್ಲಿ ವಯಸ್ಸಾಗುತ್ತಿದ್ದ ಇಲಿಗಳ ಮೈಕ್ರೊಗ್ಲಿಯಾವನ್ನು ಬೇರ್ಪಡಿಸಿ ನೋಡಿದಾಗ ಕಂಡದ್ದೂ ಇದೇ: ಉರಿಯೂತದ ಸೈಟೊಕೈನುಗಳು ಏರಿದಂತೆಲ್ಲ ಅಮೈಲಾಯ್ಡನ್ನು ಹಿಡಿಯುವ ಗ್ರಾಹಕಗಳು ಇಳಿದಿದ್ದವು, ನೆಪ್ರಿಲೈಸಿನ್ ಮತ್ತು ಇನ್ಸುಲಿನ್ ಒಡೆಯುವ ಕಿಣ್ವ ಇಳಿದಿದ್ದವು. ಕಾವಲುಗಾರ ಕೂಗುವುದರಲ್ಲೇ ನಿರತನಾಗಿ ಗುಡಿಸುವುದನ್ನು ಬಿಟ್ಟಿದ್ದ. ಆದ್ದರಿಂದ ಬೇಟ್‌ಮನ್ ಅಳತೆ ನನ್ನ ವಾದದ ಅರ್ಧವನ್ನು ಗಟ್ಟಿಮಾಡುತ್ತದೆ, ಇನ್ನರ್ಧವನ್ನು ಪ್ರಶ್ನಿಸುತ್ತದೆ. ಆ ಇನ್ನರ್ಧಕ್ಕೆ ನನ್ನ ಉತ್ತರ ಸೀಮಿತವಾದದ್ದು. ಅಳೆದದ್ದು 12 ರೋಗಿಗಳನ್ನು, 12 ಆರೋಗ್ಯವಂತರನ್ನು, ಅದೂ ಕಾಯಿಲೆ ಕಾಣಿಸಿಕೊಂಡ ಮೇಲೆ. ಐಎಫ್‌ಐಟಿಎಂ3 ಹೆಚ್ಚಿದ್ದದ್ದು ಎಲ್ಲ ರೋಗಿಗಳಲ್ಲೂ ಅಲ್ಲ, ಒಂದು ಗುಂಪಿನಲ್ಲಿ. ಕೆಲವರಲ್ಲಿ ಕಾಲುವೆ, ಕೆಲವರಲ್ಲಿ ತೂಬು, ಕೆಲವರಲ್ಲಿ ಎರಡೂ ಕೆಟ್ಟಿರಬಹುದು. ಒಂದೇ ಹೆಸರಿನ ಕಾಯಿಲೆ ಎಲ್ಲರಲ್ಲೂ ಒಂದೇ ದಾರಿಯಲ್ಲಿ ಬರಬೇಕೆಂಬ ನಿಯಮವೇನಿಲ್ಲ.

ಇನ್ನು ಅಗ್ನಿಶಾಮಕ ದಳದ ಮಾತು. ಮೊದಲು ಬಂದದ್ದು ಯಾವುದು ಎಂದು ತಿಳಿಯಲು ಹುಟ್ಟಿನಿಂದಲೇ ಜೊತೆಗಿರುವ ಸಾಕ್ಷಿ ಬೇಕು, ಅಂದರೆ ವಂಶವಾಹಿ. 2013ರಲ್ಲಿ ಎರಡು ತಂಡಗಳು ಟ್ರೆಮ್2 ಎಂಬ ವಂಶವಾಹಿಯ ಅಪರೂಪದ ಒಂದು ಬದಲಾವಣೆ ಅಲ್ಝೈಮರ್ಸ್ ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ ಎಂದು ಕಂಡುಕೊಂಡವು. ಮಿದುಳಿನಲ್ಲಿ ಟ್ರೆಮ್2 ಇರುವುದು ಮುಖ್ಯವಾಗಿ ಮೈಕ್ರೊಗ್ಲಿಯಾದ ಮೇಲೆ. ಎಪ್ಪತ್ತನೆಯ ವಯಸ್ಸಿಗೆ ಬರುವ ಕಾಯಿಲೆ ಹುಟ್ಟಿದಾಗಿನಿಂದ ಇರುವ ವಂಶವಾಹಿಯನ್ನು ಬದಲಿಸಲಾರದು. ಕಾವಲುಗಾರನ ದೋಷದಿಂದ ಕಾಯಿಲೆಯ ಕಡೆಗೆ ಬಾಣದ ಗುರುತು ಇಲ್ಲಿ ಖಚಿತ. ಇದು ಮನುಷ್ಯರ ಸಾಕ್ಷ್ಯವಾದ್ದರಿಂದ ನಿಮ್ಮ ಎರಡನೆಯ ಆಕ್ಷೇಪಣೆಗೂ ತಕ್ಕಮಟ್ಟಿಗೆ ಉತ್ತರ. ಹಾಗೆಂದು ಪ್ಲೇಕ್ ಉರಿಯೂತವನ್ನು ಎಬ್ಬಿಸುವುದಿಲ್ಲ ಎಂದಲ್ಲ, ಖಂಡಿತ ಎಬ್ಬಿಸುತ್ತದೆ. ಎಬ್ಬಿಸಿದ ಉರಿಯೂತ ಮತ್ತೆ ಕಿಣ್ವದ ಮೂಲಕ ಪ್ಲೇಕನ್ನು ಬೆಳೆಸುತ್ತದೆ. ಗಾಣ ಒಮ್ಮೆ ತಿರುಗತೊಡಗಿದ ಮೇಲೆ ಎತ್ತು ಗಾಣವನ್ನು ಎಳೆಯುತ್ತಿದೆಯೋ ಗಾಣ ಎತ್ತನ್ನು ಸುತ್ತಿಸುತ್ತಿದೆಯೋ ಎಂದು ಕೇಳಿ ಪ್ರಯೋಜನವಿಲ್ಲ.

ಅವರು: ಗಾಣ ನಿಲ್ಲಿಸಲು ಉರಿಯೂತ ತಗ್ಗಿಸುವ ಮಾತ್ರೆ ಕೊಟ್ಟರೆ ಸಾಕಿತ್ತಲ್ಲ! ಐಬುಪ್ರೊಫೆನ್ ಊರೂರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಅದನ್ನೂ ಪರೀಕ್ಷಿಸಿ ಸೋತಿದ್ದಾರೆ. ನಿಮ್ಮ ಸಿದ್ಧಾಂತದ ನೇರ ಪರೀಕ್ಷೆಯೇ ಫೇಲಾದಮೇಲೆ ಉಳಿಯುವುದೇನು?

ಇವರು: ಸೋಲಿನ ವಿವರ ನೋಡಿ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ಸುಮಾರು 7000 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ನೋವಿನ ಮಾತ್ರೆಗಳನ್ನು ಒಟ್ಟು ಎರಡು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿದ್ದವರಲ್ಲಿ ಅಲ್ಝೈಮರ್ಸ್ ತೀರ ಕಡಿಮೆ ಕಂಡಿತು. ಅದೇ ಆಸೆಯಿಂದ ಅಮೆರಿಕದಲ್ಲಿ ಸುಮಾರು 2500 ಹಿರಿಯರಿಗೆ ನಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಕೊಟ್ಟು ನಡೆಸಿದ ಪ್ರಯೋಗದಲ್ಲಿ ಹೃದಯದ ಅಪಾಯದ ಭಯದಿಂದ 2004ರ ಡಿಸೆಂಬರಿನಲ್ಲಿ ಮಾತ್ರೆ ನಿಲ್ಲಿಸಿದರು, ರಕ್ಷಣೆಯೂ ಕಾಣಲಿಲ್ಲ. ರಾಟರ್‌ಡ್ಯಾಮಿನ ಫಲಿತಾಂಶಕ್ಕೆ ಮಾತ್ರೆಯೇ ಕಾರಣವಲ್ಲದಿರಬಹುದು ಎಂದು ಒಪ್ಪುತ್ತೇನೆ. ಮಾತ್ರೆ ನುಂಗುವವರಿಗೂ ನುಂಗದವರಿಗೂ ಬೇರೆ ವ್ಯತ್ಯಾಸಗಳಿದ್ದಿರಬಹುದು. ಆದರೆ ಈ ಮಾತ್ರೆಗಳು ತಡೆಯುವುದು ಉರಿಯೂತದ ಒಂದು ಕವಲನ್ನು, ಕಾಕ್ಸ್ ಎಂಬ ಕಿಣ್ವವನ್ನು ಮಾತ್ರ. ಇಂಟರ್‌ಫೆರಾನಿನಿಂದ ಗಾಮಾ-ಸೆಕ್ರಿಟೇಸಿಗೆ ಹೋಗುವ ತಂತಿ ಬೇರೆಯೇ. ಮನೆಯ ಒಂದು ಸ್ವಿಚ್ ಒತ್ತಿ, ಇನ್ನೊಂದು ಕೋಣೆಯ ದೀಪ ಆರಲಿಲ್ಲವೆಂದು ವಿದ್ಯುತ್ತನ್ನೇ ಅಲ್ಲಗಳೆಯುವುದು ಸರಿಯಲ್ಲ. ಇದಕ್ಕಿಂತ ದೊಡ್ಡ ಪಾಠ ಟ್ರೆಮ್2 ಕಲಿಸುತ್ತದೆ. ಅಪಾಯ ತರುವ ಆ ಬದಲಾವಣೆ ಮೈಕ್ರೊಗ್ಲಿಯಾವನ್ನು ಕೆರಳಿಸುವುದಿಲ್ಲ, ಮಂಕಾಗಿಸುತ್ತದೆ. ಮಂಕಾದ ಕಾವಲುಗಾರರು ಪ್ಲೇಕನ್ನು ಸುತ್ತುಗಟ್ಟಿ ಅಡಕಮಾಡಲಾರದೆ ಅದು ಎಳೆಎಳೆಯಾಗಿ ಚಾಚಿಕೊಂಡು ಪಕ್ಕದ ನರತಂತುಗಳನ್ನು ಕೆಡಿಸುತ್ತದೆ. ಅಂದರೆ ಉರಿಯೂತ ತೀರ ಇಲ್ಲದಿದ್ದರೂ ಕೇಡು, ನಿಲ್ಲದೆ ಇದ್ದರೂ ಕೇಡು. ಕತ್ತರಿಯನ್ನು ಪೂರ್ತಿ ಕಸಿದುಕೊಂಡ ಔಷಧಗಳು ಯಾವ ಕಾರಣಕ್ಕೆ ಸೋತವೋ, ಉರಿಯೂತವನ್ನು ಸಾರಾಸಗಟಾಗಿ ಅದುಮುವುದೂ ಅದೇ ಕಾರಣಕ್ಕೆ ಸೋಲುತ್ತದೆ. ಎರಡಕ್ಕೂ ಬೇರೆ ಕೆಲಸವಿದೆ. ಕೈಹಾಕಬೇಕಾದದ್ದು ಎರಡೂ ಕೂಡುವ ಕೀಲಿಗೆ. ಐಎಫ್‌ಐಟಿಎಂ3 ಅಂಥ ಒಂದು ಕೀಲು: ಅದನ್ನು ಸಡಿಲಿಸಿದರೆ ಕತ್ತರಿ ತನ್ನ ಸಹಜ ವೇಗಕ್ಕೆ ಇಳಿಯಬೇಕೇ ಹೊರತು ನಿಲ್ಲಬಾರದು. ವೈರಸ್ ತಡೆಯುವ ಅದರ ಕೆಲಸಕ್ಕೆ ಧಕ್ಕೆಯಾಗದಂತೆ ಸಡಿಲಿಸುವುದು ಹೇಗೆ ಎಂಬುದು ಇನ್ನೂ ಬಿಡಿಸಬೇಕಾದ ಗಂಟು.

ಅವರು: ಅಲ್ಲ ಸ್ವಾಮಿ, ತೂಬಿನ ಕಡೆಗೂ ಒಂದು ಪರೀಕ್ಷೆ ಆಗಿಹೋಗಿದೆ. ಹೃದಯ ವೈಫಲ್ಯಕ್ಕೆ ಕೊಡುವ ಸಕುಬಿಟ್ರಿಲ್, ನೀವು ಹೊಗಳಿದ ನೆಪ್ರಿಲೈಸಿನ್ನನ್ನೇ ತಡೆಯುತ್ತದೆ. ಅದನ್ನು ನುಂಗುವವರ ಬುದ್ಧಿ ಮಂಕಾಗುತ್ತದೋ ಎಂದು ಮೂರು ವರ್ಷ ಕಾದು ನೋಡಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ವ್ಯತ್ಯಾಸವೇ ಇರಲಿಲ್ಲ. ಇನ್ನೂ ಒಂದಿದೆ. ಡೇವಿಡ್ ಸ್ನೋಡನ್ ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರನ್ನು ಅಧ್ಯಯನ ಮಾಡಿದಾಗ, ಸಾಯುವವರೆಗೂ ಚುರುಕಾಗಿದ್ದ ಕೆಲವರ ಮಿದುಳಿನಲ್ಲೂ ಪ್ಲೇಕ್ ತುಂಬಿತ್ತು. ಕತ್ತರಿ, ಕಾಲುವೆ, ತೂಬು ಎಲ್ಲ ಹೀಗೆ ಕೆಟ್ಟಿದ್ದೂ ನೆನಪು ಉಳಿದಿತ್ತಲ್ಲ?

ಇವರು: ಸಕುಬಿಟ್ರಿಲ್ ಫಲಿತಾಂಶ ಆ ಮಾತ್ರೆ ತೆಗೆದುಕೊಳ್ಳುವವರಿಗೆ ನೆಮ್ಮದಿಯ ಸುದ್ದಿ, ಅದನ್ನು ಯಾರೂ ಈ ಚರ್ಚೆ ಕೇಳಿ ಬಿಡಬಾರದು. ವಿಲೇವಾರಿಯ ತಂಡದಲ್ಲಿ ಕಿಣ್ವಗಳು ಹಲವಾರು. ಒಂದು ರಜೆ ಹಾಕಿದರೆ ಇನ್ನೊಂದು ಕೆಲಸ ಹೊರುತ್ತದೆ. ಉರಿಯೂತವಾದರೋ ಒಂದನ್ನಲ್ಲ, ಹಲವನ್ನು ಒಟ್ಟಿಗೆ ತಗ್ಗಿಸುತ್ತದೆ. ಜೊತೆಗೆ ಮೂರು ವರ್ಷ ಈ ಕಾಯಿಲೆಯ ಲೆಕ್ಕದಲ್ಲಿ ಬಹಳ ಚಿಕ್ಕ ಅವಧಿ. ಇಲ್ಲಿ ಐಸ್‌ಲ್ಯಾಂಡಿನ ಸಾಕ್ಷ್ಯ ನೆನೆಯಬೇಕು. ಅಲ್ಲಿನ ಕೆಲವರ ಎಪಿಪಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದು, ಬೇಸ್1 ಅದನ್ನು ಸುಲಭವಾಗಿ ಕತ್ತರಿಸಲಾರದು. ಪ್ರಯೋಗಾಲಯದ ಕೋಶಗಳಲ್ಲಿ ಇದರಿಂದ ಅಮೈಲಾಯ್ಡ್ ಸುಮಾರು ಶೇಕಡ 40ರಷ್ಟು ಇಳಿಯುತ್ತದೆ. ಅಂಥವರಿಗೆ ಮುಪ್ಪಿನಲ್ಲೂ ಅಲ್ಝೈಮರ್ಸ್ ಅಪರೂಪ ಎಂದು 2012ರಲ್ಲಿ ವರದಿಯಾಯಿತು. ಕತ್ತರಿಯನ್ನು ನಿಲ್ಲಿಸಬೇಕಾಗಿಲ್ಲ, ತುಸು ನಿಧಾನವಾಗಿಸಿದರೆ ಸಾಕು, ಆದರೆ ಹುಟ್ಟಿನಿಂದ. ಔಷಧ ಪ್ರಯೋಗಗಳು ಮಾಡಿದ್ದು ಇದರ ತದ್ವಿರುದ್ಧ: ತಡವಾಗಿ ಶುರುಮಾಡಿ ಹೆಚ್ಚು ತಡೆದವು. ಉರಿಯೂತದ ತಳ್ಳುವಿಕೆಯೂ ಈ ಬಗೆಯದು, ಚಿಕ್ಕದು ಆದರೆ ದೀರ್ಘಕಾಲದ್ದು. ಸನ್ಯಾಸಿನಿಯರ ವಿಷಯಕ್ಕೆ ಬಂದರೆ, ಪ್ಲೇಕ್ ಒಂದೇ ನೆನಪನ್ನು ಅಳಿಸುವುದಿಲ್ಲ ಎನ್ನುವುದನ್ನು ಅದು ಸಾಬೀತುಮಾಡುತ್ತದೆ. ನೆನಪಿನ ಕುಸಿತ ಹೆಚ್ಚು ನಿಕಟವಾಗಿ ಹೊಂದುವುದು ಟೌ ಗಂಟುಗಳೊಡನೆ. ಪ್ಲೇಕ್‌ನಿಂದ ಟೌವರೆಗಿನ ಹಾದಿಯಲ್ಲಿ ಉರಿಯೂತ ಕೈನೇಸ್ ಕಿಣ್ವಗಳನ್ನು ಚುರುಕುಮಾಡುತ್ತದೆ ಎಂದೆನಲ್ಲ, ಆ ಹಾದಿ ತೆರೆಯದೇ ಉಳಿದವರು ಪ್ಲೇಕ್ ಇದ್ದೂ ಚೆನ್ನಾಗಿರಬಹುದು. ಇದು ಊಹೆ, ಆದರೆ ಪರೀಕ್ಷಿಸಬಹುದಾದ ಊಹೆ.

ಅವರು: ಸರಿ, ಪ್ರಯೋಗಾಲಯದಿಂದ ಆಚೆ ಬನ್ನಿ. ಹಾಸಿಗೆಯ ಮೇಲಿನ ರೋಗಿಗೆ, ಅವರನ್ನು ನೋಡಿಕೊಳ್ಳುವವರಿಗೆ ಇದರಿಂದ ಏನಾದರೂ ಬದಲಾಗುತ್ತದೆಯೇ?

ಇವರು: ಇಂದಿಗೆ ಸ್ವಲ್ಪ, ನಾಳೆಗೆ ಹೆಚ್ಚು. ಈಗ ಬಂದಿರುವ ಲೆಕಾನೆಮ್ಯಾಬ್ ಎಂಬ ಪ್ರತಿಕಾಯದ ಔಷಧ ತಯಾರಾದ ಅಮೈಲಾಯ್ಡನ್ನು ತೆಗೆಯುತ್ತದೆ. ಹದಿನೆಂಟು ತಿಂಗಳಲ್ಲಿ ಕುಸಿತದ ವೇಗವನ್ನು ಶೇಕಡ 27ರಷ್ಟು ತಗ್ಗಿಸಿದ್ದು ಅದರ ಸಾಧನೆ. ಕೆಲವರಲ್ಲಿ ಮಿದುಳಿನ ಊತ, ರಕ್ತಸ್ರಾವ ಅದರ ಬೆಲೆ. ಇದು ಕೆರೆಯಿಂದ ನೀರು ಎತ್ತಿಹಾಕುವ ಕೆಲಸ, ಕಾಲುವೆಯ ಬಾಗಿಲು ಹಾಗೆಯೇ ಇರುತ್ತದೆ. ಇನ್ನು ಆರೈಕೆಯ ಮಟ್ಟದಲ್ಲಿ, ದೇಹದ ಬೇರೆಡೆಯ ಉರಿಯೂತವೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ ಎಂಬುದನ್ನು ಮರೆಯಬಾರದು. ಮೂತ್ರದ ಸೋಂಕು, ಎದೆಯ ಕಫ, ಬಿದ್ದು ಆದ ಪೆಟ್ಟು ಇಂಥವು ಎದುರಾದ ಅಲ್ಝೈಮರ್ಸ್ ರೋಗಿಗಳಲ್ಲಿ ಮುಂದಿನ ಆರು ತಿಂಗಳ ಕುಸಿತ ಸುಮಾರು ಎರಡು ಪಟ್ಟಾಗಿದ್ದನ್ನು ಇಂಗ್ಲೆಂಡಿನ ವೈದ್ಯರು 2009ರಲ್ಲಿ ದಾಖಲಿಸಿದರು. ವೇಲ್ಸ್‌ನಲ್ಲಿ ಸರ್ಪಸುತ್ತಿನ ಲಸಿಕೆಯನ್ನು 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಎಂದು ಗೆರೆ ಎಳೆದದ್ದರಿಂದ, ಒಂದು ವಾರ ಹಿಂದೆಮುಂದೆ ಹುಟ್ಟಿದವರನ್ನು ಹೋಲಿಸುವ ಅವಕಾಶ ಸಿಕ್ಕಿತು. ಲಸಿಕೆ ಪಡೆದವರಲ್ಲಿ ಏಳು ವರ್ಷದಲ್ಲಿ ಮರೆಗುಳಿ ಕಾಯಿಲೆಗಳು ಸುಮಾರು ಐದನೇ ಒಂದು ಪಾಲು ಕಡಿಮೆ ಎಂದು 2025ರಲ್ಲಿ ಪ್ರಕಟವಾಯಿತು. ಅದು ಯಾವ ಹಾದಿಯಲ್ಲಿ ಆಯಿತು ಎಂಬುದು ಇತ್ಯರ್ಥವಾಗಿಲ್ಲ, ಕಿಣ್ವದ ಹಾದಿಯೇ ಎಂದು ನಾನು ಹಕ್ಕು ಸಾಧಿಸುವುದಿಲ್ಲ. ಸೋಂಕು, ಉರಿಯೂತ, ನೆನಪು ಈ ಮೂರನ್ನು ಬೇರೆಬೇರೆ ವೈದ್ಯರ ಕೋಣೆಗಳಲ್ಲಿ ಇಟ್ಟು ನೋಡುವುದು ಇನ್ನು ಸಾಧ್ಯವಿಲ್ಲ ಎಂದಷ್ಟೇ ಹೇಳುತ್ತೇನೆ.

ಅವರು: ಕೊನೆಯ ಪ್ರಶ್ನೆ. ಯಾವ ಆಕ್ಷೇಪಣೆ ಎತ್ತಿದರೂ ನಿಮ್ಮ ವಾದ ಹೊಂದಿಕೊಂಡುಬಿಡುತ್ತದೆ. ಸೋತರೆ ತಡವಾಯಿತು ಎನ್ನುತ್ತೀರಿ, ವ್ಯತ್ಯಾಸ ಕಾಣದಿದ್ದರೆ ರೋಗಿಗಳ ಗುಂಪು ಬೇರೆ ಎನ್ನುತ್ತೀರಿ. ನಿಮ್ಮ ವಾದ ತಪ್ಪು ಎಂದು ತಿಳಿಯುವುದು ಯಾವಾಗ?

ಇವರು: ಕೇಳಲೇಬೇಕಾದ ಪ್ರಶ್ನೆ. ಕಾಯಿಲೆ ಬಂದವರನ್ನಷ್ಟೇ ಅಳೆಯುತ್ತಿರುವವರೆಗೂ ಇದಕ್ಕೆ ಉತ್ತರ ಸಿಗುವುದಿಲ್ಲ, ಬರುವ ಮೊದಲೇ ಅಳೆಯತೊಡಗಬೇಕು. ಅಂಥ ಕೆಲಸಕ್ಕೆ ತಕ್ಕ ನೆಲ ದೂರವೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10000 ಮಂದಿಯನ್ನು ವರ್ಷಾನುಗಟ್ಟಲೆ ಅನುಸರಿಸುವ ಯೋಜನೆ ಕೈಗೊಂಡಿದೆ. ಅವರ ನೆನಪಿನ ಪರೀಕ್ಷೆ, ರಕ್ತ, ಮಿದುಳಿನ ಚಿತ್ರ ಎಲ್ಲವೂ ದಾಖಲಾಗುತ್ತವೆ. ಜೀವನದುದ್ದಕ್ಕೂ ಸೋಂಕುಗಳನ್ನು ಕಂಡ, ಪಾಶ್ಚಾತ್ಯ ಅಧ್ಯಯನಗಳಲ್ಲಿ ಲೆಕ್ಕಕ್ಕೇ ಬಾರದ ಜನ ಇವರು. ಇಂಥ ಸಮೂಹಗಳಲ್ಲಿ ಐವತ್ತನೆಯ ವಯಸ್ಸಿನ ಉರಿಯೂತದ ಗುರುತುಗಳನ್ನೂ ಅಮೈಲಾಯ್ಡ್, ಟೌ ಅಳತೆಗಳನ್ನೂ ಎಪ್ಪತ್ತನೆಯ ವಯಸ್ಸಿನ ನೆನಪಿಗೆ ತಾಳೆ ಹಾಕಿ ನೋಡಲಿ. ಉರಿಯೂತ ಮೊದಲು ಏರಿ, ಆಮೇಲೆ ಅಮೈಲಾಯ್ಡ್ ಏರಿದ್ದರೆ ನನ್ನ ವಾದಕ್ಕೆ ಬಲ. ಅಮೈಲಾಯ್ಡ್ ಏರಿದ ಮೇಲಷ್ಟೇ ಉರಿಯೂತ ಎದ್ದಿದ್ದರೆ, ಅಥವಾ ಐಎಫ್‌ಐಟಿಎಂ3 ಹೆಚ್ಚಿದ್ದವರಿಗೂ ಕಡಿಮೆಯಿದ್ದವರಿಗೂ ಕಾಯಿಲೆ ಒಂದೇ ಪ್ರಮಾಣದಲ್ಲಿ ಬಂದಿದ್ದರೆ, ಕತ್ತರಿಯ ಹಿಂದೆ ನಾನು ಕಂಡೆ ಎಂದುಕೊಂಡ ಕೈ ಬರಿಯ ನೆರಳು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅವರು: ಒಪ್ಪಿಕೊಳ್ಳಬೇಕಾದ ಸಂದರ್ಭ ಯಾವುದೆಂದು ಮೊದಲೇ ಹೇಳಿದ್ದರಿಂದ, ಅಲ್ಲಿಯವರೆಗೆ ನಿಮ್ಮ ವಾದವನ್ನು ತಳ್ಳಿಹಾಕದೆ ಇಟ್ಟುಕೊಂಡಿರುತ್ತೇನೆ.